ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಇಲ್ಲ ಅಂದರು, ಆದರೂ ಬಯಾಪ್ಸಿ ಯಾಕೆ? ಅಪ್ಪನ ಪ್ರಾಸ್ಟೇಟ್ ವಿಷಯ, ತಿಳಿದವರು ಹೇಳಿ

ಗುಬ್ಬಿ ತೋಟದ ಮಗ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 72 ವರ್ಷ. ಇವತ್ತಿಗೂ ತೋಟಕ್ಕೆ ನೀರು ಕಟ್ಟುವುದು ಅವರೇ. ಒಂದಕ್ಕೆ ಹೋಗುವ ತೊಂದರೆ ಎರಡು ವರ್ಷದಿಂದ ಇದೆ. ನಮಗೆ ಯಾರಿಗೂ ಹೇಳಿರಲಿಲ್ಲ. "ರಾತ್ರಿ ಹಿತ್ತಲ ಬಾಗಿಲ ಚಿಲಕ ಐದು ಸಲ ಸದ್ದಾಗುತ್ತದೆ ಕಣೋ" ಅಂತ ಅಮ್ಮ ಹೇಳಿದ ಮೇಲೆಯೇ ಗೊತ್ತಾಗಿದ್ದು. ಹೋದ ವರ್ಷ ಒಬ್ಬ ಡಾಕ್ಟರಿಗೆ ತೋರಿಸಿದೆವು. ಮಾತ್ರೆ ಕೊಟ್ಟರು, ಸ್ವಲ್ಪ ಆರಾಮಾಯಿತು.

ಈಗ ತುಮಕೂರಿನಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ದೇವೆ. ರಿಪೋರ್ಟಿನಲ್ಲಿ ಹೀಗಿದೆ: ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಚೀಲದ ಕೆಳಗಿರುವ ಗ್ರಂಥಿ) 48 ಸಿಸಿ, ಗ್ರೇಡ್ 2 ಪ್ರೊಸ್ಟಾಟೋಮೆಗಲಿ, ಒಂದಕ್ಕೆ ಹೋಗಿ ಬಂದ ಮೇಲೂ ಚೀಲದಲ್ಲಿ 110 ಎಂಎಲ್ ಉಳಿದಿದೆ. ಗಡ್ಡೆ ಏನೂ ಕಾಣುತ್ತಿಲ್ಲ. ರಕ್ತದ ಪಿಎಸ್‌ಎ (ಪ್ರಾಸ್ಟೇಟ್ ಬಿಡುವ ಪ್ರೋಟೀನ್, ಕ್ಯಾನ್ಸರ್ ಇದ್ದರೆ ಏರಬಹುದಂತೆ) 5.8. ಹೊಸ ಡಾಕ್ಟರು ರಿಪೋರ್ಟ್ ನೋಡಿ, "ಬಯಾಪ್ಸಿ ಬೇಕಾಗಬಹುದು, ಹಿಂದಿನಿಂದ ಸ್ಕ್ಯಾನ್ ಮಾಡಿ ಸೂಜಿಯಲ್ಲಿ ಸಣ್ಣ ತುಂಡು ತೆಗೆಯುತ್ತೇವೆ" ಅಂದರು. ಅಪ್ಪ ಅಲ್ಲಿಂದ ಎದ್ದು ಬಂದವರು ಮಾತೇ ಆಡಿಲ್ಲ. ನಮ್ಮಣ್ಣ, "ಸ್ಕ್ಯಾನಿಂಗೇ ಸರಿಯಿದೆ, ಸುಮ್ನೆ ಯಾಕೆ ಚುಚ್ಚಿಸಬೇಕು" ಅನ್ನುತ್ತಾನೆ. ನನಗೂ ಅದೇ ಅನುಮಾನ. ಸ್ಕ್ಯಾನಿಂಗ್‌ನಲ್ಲಿ ಇಲ್ಲದ್ದು ಬಯಾಪ್ಸಿಯಲ್ಲಿ ಬರುತ್ತದೆಯೇ?

ಶಿರಾ ಸೀಮೆ:
ನಿಮ್ಮಣ್ಣ ಹೇಳಿದ್ದು ಸರಿ. 72 ವರ್ಷಕ್ಕೆ ಎಲ್ಲರಿಗೂ ಪ್ರಾಸ್ಟೇಟ್ ದೊಡ್ಡದಾಗಿಯೇ ಇರುತ್ತದೆ. ನಮ್ಮ ಚಿಕ್ಕಪ್ಪನಿಗೂ ಗ್ರೇಡ್ 2 ಅಂತ ಬರೆದಿದ್ದರು. ಹತ್ತು ವರ್ಷ ಆಯಿತು, ಆರಾಮಾಗಿದ್ದಾರೆ. ಬಯಾಪ್ಸಿ ಅಂದರೆ ದುಡ್ಡು, ಓಡಾಟ, ನೋವು.

ತಿಪಟೂರು ಕೊಬ್ಬರಿ:
ಗ್ರೇಡ್ 2 ಅಂದರೆ ಕ್ಯಾನ್ಸರ್ ಎರಡನೇ ಸ್ಟೇಜ್ ಅಂತ ಅಲ್ವಾ? ನಮ್ಮ ಮಾವನ ರಿಪೋರ್ಟ್ ನೋಡಿ ಮನೆಯವರೆಲ್ಲ ಅತ್ತುಬಿಟ್ಟಿದ್ದರು.

ಸ್ಕ್ಯಾನಿಂಗ್ ರೂಮಿನವನು:
ನಾನು ರೇಡಿಯಾಲಜಿ ಡಾಕ್ಟರು, ದಿನಾ ಇದೇ ಕೆಲಸ. ಮೊದಲು ತಿಪಟೂರಿನವರಿಗೆ ಉತ್ತರ. ಅಲ್ಲ. ಆ ಗ್ರೇಡ್ ಪ್ರಾಸ್ಟೇಟ್ ಎಷ್ಟು ದಪ್ಪ ಆಗಿದೆ ಅನ್ನುವುದಕ್ಕೆ ಮಾತ್ರ. ಅದಕ್ಕೂ ಕ್ಯಾನ್ಸರ್ ಸ್ಟೇಜಿಗೂ ಸಂಬಂಧವೇ ಇಲ್ಲ. ಈ ಒಂದು ಪದದಿಂದ ಎಷ್ಟು ಮನೆಯಲ್ಲಿ ಒಲೆ ಹಚ್ಚಿಲ್ಲವೋ ನನಗೆ ಗೊತ್ತಿದೆ.

ಈಗ ಗುಬ್ಬಿಯವರ ಪ್ರಶ್ನೆ. ನೀವು ತೆಂಗಿನ ಸೀಮೆಯವರು, ಅದರಲ್ಲೇ ಹೇಳುತ್ತೇನೆ. ಎಳನೀರು ತಟ್ಟಿ ನೋಡಿ ಒಳಗೆ ಬರೀ ನೀರೋ ಗಂಜಿ ಕಟ್ಟಿದೆಯೋ ಅಂತ ಹೇಳುತ್ತೀರಿ ಅಲ್ವಾ? ಅಲ್ಟ್ರಾಸೌಂಡ್ ಕೆಲಸವೂ ಹಾಗೇ. ಸದ್ದು ಕಳಿಸುತ್ತೇವೆ, ಮರಳಿ ಬಂದ ಸದ್ದಿನಿಂದ ಚಿತ್ರ ಮಾಡುತ್ತೇವೆ. ತಟ್ಟಿದರೆ ಕಾಯಿ ಬಲಿತಿದೆಯೇ ಅಂತ ಗೊತ್ತಾಗುತ್ತದೆ. ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಕೊಳೆತಿದ್ದರೆ ಗೊತ್ತಾಗುವುದಿಲ್ಲ.

ಹೊಟ್ಟೆ ಮೇಲಿಂದ ಮಾಡುವ ಸ್ಕ್ಯಾನ್ ಮೂತ್ರದ ಚೀಲವನ್ನು ದಾಟಿ ಪ್ರಾಸ್ಟೇಟ್ ನೋಡಬೇಕು. ಎಷ್ಟು ದೊಡ್ಡದು, ಎಷ್ಟು ಮೂತ್ರ ಉಳಿದಿದೆ, ಕಿಡ್ನಿ ಊದಿದೆಯೇ, ಕಲ್ಲಿದೆಯೇ, ಇವನ್ನು ಚೆನ್ನಾಗಿ ಹೇಳುತ್ತದೆ. ಕ್ಯಾನ್ಸರ್ ಇದೆ, ಇಲ್ಲ ಅನ್ನುವುದನ್ನು ಹೇಳುವುದಿಲ್ಲ. "ಗಡ್ಡೆ ಕಾಣುತ್ತಿಲ್ಲ" ಅಂದರೆ "ಗಡ್ಡೆ ಇಲ್ಲ" ಅಂತ ಅಲ್ಲ. ನಮ್ಮ ರಿಪೋರ್ಟ್ ಓದುವಾಗ ಜನ ಜಾಸ್ತಿ ಎಡವುವುದು ಇಲ್ಲೇ.

ಇನ್ನೊಂದು. ವಯಸ್ಸಾದಂತೆ ದಪ್ಪ ಆಗುವುದು ಮೂತ್ರನಾಳದ ಸುತ್ತ ಇರುವ ಒಳಭಾಗ. ಅದಕ್ಕೇ ಧಾರೆ ಸಣ್ಣ ಆಗುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಹಿಂಭಾಗದ ಹೊರಪದರದಲ್ಲಿ, ಗುದದ ಕಡೆ. ಹಾಗಾಗಿ ಒಂದಕ್ಕೆ ಹೋಗುವ ತೊಂದರೆ ಇದ್ದವರಿಗೆಲ್ಲ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಇದ್ದವರಿಗೆಲ್ಲ ತೊಂದರೆ ಕಾಣಿಸುವುದೂ ಇಲ್ಲ.

ಗುಬ್ಬಿ ತೋಟದ ಮಗ:
ಸರ್, ಹಾಗಾದರೆ ಹಿಂದಿನಿಂದ ಮಾಡುವ ಸ್ಕ್ಯಾನ್‌ನಲ್ಲಾದರೂ ಕ್ಯಾನ್ಸರ್ ಕಾಣುತ್ತದಾ? ಅದನ್ನು ಮಾಡಿಸಿ ಬಯಾಪ್ಸಿ ಬಿಡಬಹುದಾ?

ಸ್ಕ್ಯಾನಿಂಗ್ ರೂಮಿನವನು:
ಅದಕ್ಕೆ ಟ್ರಸ್ ಅನ್ನುತ್ತೇವೆ. ಗುದದೊಳಗೆ ಹಾಕುವ ಪ್ರೋಬ್ (ಸ್ಕ್ಯಾನ್ ಮಾಡುವ ಕಡ್ಡಿ) ಪ್ರಾಸ್ಟೇಟ್ ಪಕ್ಕದಲ್ಲೇ ಇರುತ್ತದೆ, ಚಿತ್ರ ತುಂಬಾ ಸ್ಪಷ್ಟ. ಕೆಲವು ಕ್ಯಾನ್ಸರ್ ಕಪ್ಪು ಮಚ್ಚೆಯ ಹಾಗೆ ಕಾಣುತ್ತವೆ. ಎಷ್ಟೋ ಕ್ಯಾನ್ಸರ್‌ಗಳು ಪಕ್ಕದ ಭಾಗದ ಬಣ್ಣದಲ್ಲೇ ಬೆರೆತು ಕಾಣುವುದೇ ಇಲ್ಲ. ಕಪ್ಪು ಮಚ್ಚೆಯೆಲ್ಲ ಕ್ಯಾನ್ಸರೂ ಅಲ್ಲ, ಹಳೇ ಸೋಂಕಿನದೂ ಹಾಗೇ ಕಾಣುತ್ತದೆ. ಹಾಗಾಗಿ ಟ್ರಸ್‌ನ ದೊಡ್ಡ ಕೆಲಸ ಅಳತೆ ತೆಗೆಯುವುದು ಮತ್ತು ಸೂಜಿಗೆ ದಾರಿ ತೋರಿಸುವುದು. ಖಚಿತ ಮಾಡುವುದು ಬಯಾಪ್ಸಿ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ.

ಕ್ಯಾತ್ಸಂದ್ರ ಇಂಜಿನಿಯರ್:
ಇದರ ಚರಿತ್ರೆ ಓದಿದ್ದೆ, ತುಂಬಾ ಹಿಡಿಸಿತು. 1960ರ ದಶಕದ ಕೊನೆಯಲ್ಲಿ ಜಪಾನಿನ ಹಿರೋಕಿ ವಟನಾಬೆ ಅನ್ನುವ ಡಾಕ್ಟರು ಒಂದು ಕುರ್ಚಿ ಮಾಡಿಸಿದ್ದರು. ರೋಗಿ ಅದರ ಮೇಲೆ ಕೂತರೆ ಮಧ್ಯದಿಂದ ಪ್ರೋಬ್ ಒಳಗೆ ಹೋಗುತ್ತಿತ್ತು. ಪ್ರಾಸ್ಟೇಟ್‌ನ ಸರಿಯಾದ ಅಲ್ಟ್ರಾಸೌಂಡ್ ಚಿತ್ರ ಸಿಕ್ಕಿದ್ದು ಹಾಗೆ. ಈಗ ಮೈಕ್ರೋ ಅಲ್ಟ್ರಾಸೌಂಡ್ ಅಂತ 29 ಮೆಗಾಹರ್ಟ್ಸ್‌ದು ಬಂದಿದೆ, ಮಾಮೂಲಿ ಟ್ರಸ್‌ಗಿಂತ ಸುಮಾರು ಮೂರು ಪಟ್ಟು. ಸಣ್ಣ ನಾಳಗಳೂ ಕಾಣುತ್ತವಂತೆ.

ಶಿರಾ ಸೀಮೆ:
ಚರಿತ್ರೆ ಇರಲಿ ಸರ್. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಊರಲ್ಲೆಲ್ಲ ಹೇಳುತ್ತಾರೆ. ನಮ್ಮ ಪಕ್ಕದ ಮನೆಯವರಿಗೆ ಬಯಾಪ್ಸಿ ಆದ ಆರೇ ತಿಂಗಳಿಗೆ ಮೈಯೆಲ್ಲ ಹರಡಿತು.

ಕುಣಿಗಲ್ ಅಕ್ಕ:
ಯೂರಾಲಜಿ ವಾರ್ಡಿನಲ್ಲಿ 11 ವರ್ಷ ನರ್ಸ್ ಆಗಿದ್ದೇನೆ. ಶಿರಾದವರೇ, ಈ ಮಾತು ದಯವಿಟ್ಟು ಹಬ್ಬಿಸಬೇಡಿ. ಪ್ರಾಸ್ಟೇಟ್ ಬಯಾಪ್ಸಿಯಿಂದ ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ತೀರಾ ತೀರಾ ಅಪರೂಪ. ನಿಮ್ಮ ಪಕ್ಕದ ಮನೆಯವರಿಗೆ ಬಯಾಪ್ಸಿಗೆ ಬರುವ ಹೊತ್ತಿಗೇ ಹರಡಿದ್ದಿರಬೇಕು. ನಮ್ಮ ಕಡೆಯ ಗಂಡಸರು ಬರುವುದೇ ಹಾಗೆ. ಸೊಂಟ ಹಿಡಿದುಕೊಂಡು, ಮಗನ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಾರೆ. ಮೂರು ವರ್ಷದ ಹಿಂದೆ ಬಂದಿದ್ದರೆ ಅಂತ ನಮ್ಮ ಹೊಟ್ಟೆ ಉರಿಯುತ್ತದೆ.

ಪಾವಗಡದಿಂದ:
ಅಕ್ಕ ಹೇಳಿದ್ದು ನಮ್ಮ ಮನೆಯ ಕಥೆ. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಎಲ್ಲರಿಗೂ ಗೊತ್ತಿರುವುದೇ. ಹಲ್ಲು ಕಂದು, ಮಂಡಿ ಸೊಂಟ ನೋವು, ಬೆನ್ನು ಬಗ್ಗುವುದು ಇಲ್ಲಿ ಮನೆ ಮನೆಗೂ ಇದೆ. ಅಪ್ಪನಿಗೆ ಸೊಂಟ ನೋವು ಶುರುವಾದಾಗ ನಾವೂ ನೀರಿನದೇ ಅಂದುಕೊಂಡೆವು. ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆ ಬೆಳ್ಳಗೆ ಕಂಡಿತು. ಫ್ಲೋರೈಡ್ ಅಂದರು, ಒಪ್ಪಿಕೊಂಡೆವು. ಒಂದು ವರ್ಷ ನೋವಿನ ಮಾತ್ರೆ, ಎಣ್ಣೆ, ಪಟ್ಟು. ಒಂದು ಬೆಳಿಗ್ಗೆ ಕಾಲು ಎತ್ತಲು ಆಗಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋದ ಮೇಲೆ ಒಬ್ಬ ಹುಡುಗ ಡಾಕ್ಟರು ಗುದದೊಳಗೆ ಬೆರಳು ಹಾಕಿ ಪ್ರಾಸ್ಟೇಟ್ ಮುಟ್ಟಿ ನೋಡಿ, ತಕ್ಷಣ ರಕ್ತ ಕಳಿಸಿದರು. ಪಿಎಸ್‌ಎ 400 ದಾಟಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹೋದರೂ ಎಕ್ಸ್‌ರೇಯಲ್ಲಿ ಹಾಗೇ ಬೆಳ್ಳಗೆ ಕಾಣುತ್ತದಂತೆ.

ಹಾರ್ಮೋನ್ ಇಂಜೆಕ್ಷನ್ ಕೊಟ್ಟರು. ನೋವು ಇಳಿಯಿತು, ಎರಡು ವರ್ಷ ಜೊತೆಗಿದ್ದರು. ಅವರ ಹೊಟ್ಟೆ ಸ್ಕ್ಯಾನ್ ರಿಪೋರ್ಟ್ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲೂ ಇದ್ದದ್ದು ಬರೀ "ಗ್ರೇಡ್ 1".

ಶಿರಾ ಸೀಮೆ:
ಕ್ಷಮಿಸಿ ಅಣ್ಣಾ. ನನಗೆ ಇಷ್ಟು ಗೊತ್ತಿರಲಿಲ್ಲ.

ಸ್ಕ್ಯಾನಿಂಗ್ ರೂಮಿನವನು:
ಪಾವಗಡದವರು ಬರೆದದ್ದನ್ನು ಆ ಕಡೆಯವರೆಲ್ಲ ಓದಬೇಕು. ಫ್ಲೋರೈಡ್ ಇರುವ ಊರಲ್ಲಿ ಬೆಳ್ಳಗಾದ ಮೂಳೆ ನೋಡಿದರೆ ಇವೆರಡರಲ್ಲಿ ಯಾವುದು ಅಂತ ಕೇಳಲೇಬೇಕು. 60 ದಾಟಿದ ಗಂಡಸಿಗೆ ಹೊಸದಾಗಿ ಸೊಂಟ ನೋವು ಬಂದು ಬಿಡದೇ ಇದ್ದರೆ ಒಂದು ಪಿಎಸ್‌ಎ ಮಾಡಿಸಿ.

ಕೊರಟಗೆರೆ ಹಸಿರು:
ಇಷ್ಟೆಲ್ಲ ಯಾಕೆ? ಸಿಹಿಗುಂಬಳದ ಬೀಜ ದಿನಾ ಒಂದು ಹಿಡಿ ತಿಂದರೆ ಪ್ರಾಸ್ಟೇಟ್ ಇಳಿಯುತ್ತದೆ. ನಮ್ಮ ತಾತ ಇದರಲ್ಲೇ 90 ವರ್ಷ ಬಾಳಿದರು.

ಕುಣಿಗಲ್ ಅಕ್ಕ:
ಬೀಜ ತಿನ್ನಲಿ, ತೊಂದರೆ ಇಲ್ಲ. ಅದರಿಂದ ಪ್ರಾಸ್ಟೇಟ್ ಇಳಿಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಆದರೆ ಬೀಜ ತಿನ್ನುತ್ತಾ ಟೆಸ್ಟ್ ಮುಂದೂಡಬಾರದು. ಅಷ್ಟೇ ನನ್ನ ಜಗಳ.

ಮಧುಗಿರಿ ಮೇಷ್ಟ್ರು:
ನನಗೆ 69. ಮೂರು ವರ್ಷದ ಹಿಂದೆ ಟ್ರಸ್ ಬಯಾಪ್ಸಿ ಆಗಿದೆ. ಗುಬ್ಬಿಯ ತಂದೆಯವರಿಗೆ ಓದಿ ಹೇಳು ಮಗು, ಗಂಡಸರು ಗಂಡಸರಿಗೆ ಹೇಳದ ಮಾತು ಇದು.

ಹಿಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೋವಿಗಿಂತ ನಾಚಿಕೆಯೇ ಜಾಸ್ತಿ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವನು, ಈಗ ಹಿಂಬದಿ ತೋರಿಸಿ ಮಲಗಬೇಕಲ್ಲ ಅಂತ. ಬೆಳಿಗ್ಗೆ ಎನಿಮಾ ಕೊಟ್ಟರು, ಆಂಟಿಬಯಾಟಿಕ್ ಕೊಟ್ಟರು. ಎಡಮಗ್ಗುಲಾಗಿ ಮಲಗಿಸಿ ಮಂಡಿಯನ್ನು ಎದೆಗೆ ಮಡಚಿಕೊಳ್ಳಲು ಹೇಳಿದರು. ಪ್ರೋಬ್ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಮೇಲೆ ನಿರೋಧ್, ಜೆಲ್ಲಿ. ಒಳಗೆ ಹೋದಾಗ ಎರಡಕ್ಕೆ ಬಂದ ಹಾಗೆ ಒತ್ತಡ, ಅಷ್ಟೇ. ಮರಗಟ್ಟುವ ಇಂಜೆಕ್ಷನ್ ಚುರುಕ್ ಅಂದಿತು. ಆಮೇಲೆ ಟಕ್, ಟಕ್ ಅಂತ ಸದ್ದು. ನಮ್ಮ ಸ್ಕೂಲ್ ಆಫೀಸಿನ ಸ್ಟೇಪ್ಲರ್ ಸದ್ದೇ. ಹನ್ನೆರಡು ಸಲ. ಹತ್ತು ಹದಿನೈದು ನಿಮಿಷದ ಕೆಲಸ.

ಮುಗಿದ ಮೇಲೆ ಸಿಸ್ಟರ್ ಸೀಸೆ ತೋರಿಸಿದರು. ಒಂದೊಂದರಲ್ಲೂ ಶಾವಿಗೆ ಎಳೆಯಂಥ ತುಂಡು, ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದ ಇಲ್ಲ. ಇಷ್ಟಕ್ಕಾ ನಾನು ರಾತ್ರಿಯೆಲ್ಲ ಹೆದರಿದ್ದು ಅನ್ನಿಸಿತು. ಮೂರು ದಿನ ಮೂತ್ರ ಕೆಂಪಗೆ ಬಂತು. ವೀರ್ಯದಲ್ಲಿ ಕೆಲವು ವಾರ ಕಂದು ಬಣ್ಣ ಇರುತ್ತದೆ, ಮೊದಲೇ ಹೇಳಿದ್ದರು, ಹಾಗಾಗಿ ಗಾಬರಿ ಆಗಲಿಲ್ಲ.

ರಿಸಲ್ಟ್: ಕ್ಯಾನ್ಸರ್ ಇತ್ತು. ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಅನ್ನುವ ಅಂಕ) 6. ಅದೇ ಕಡಿಮೆ ಅಂಕ, 10 ಅತಿ ಕೆಟ್ಟದ್ದು. ಎರಡು ತುಂಡಿನಲ್ಲಿ ಮಾತ್ರ. ಡಾಕ್ಟರು ಆಪರೇಷನ್ ಬೇಡ ಅಂದರು! ಆರು ತಿಂಗಳಿಗೊಮ್ಮೆ ಪಿಎಸ್‌ಎ, ಆಗಾಗ ಎಂಆರ್‌ಐ, ಕಣ್ಣಿಟ್ಟಿರೋಣ ಅಂದರು. ಮೂರು ವರ್ಷದಿಂದ ಕಣ್ಣಿಟ್ಟಿದ್ದೇವೆ. ದಿನಾ ಬೆಳಿಗ್ಗೆ ಬೆಟ್ಟದ ತಪ್ಪಲಿನವರೆಗೆ ನಡೆದು ಬರುತ್ತೇನೆ.

ತಿಪಟೂರು ಕೊಬ್ಬರಿ:
ಮೇಷ್ಟ್ರೇ, ಕ್ಯಾನ್ಸರ್ ಇದ್ದರೂ ಹಾಗೇ ಬಿಟ್ಟಿದ್ದಾರಾ? ಇದು ನನಗೆ ಹೊಸದು.

ಮಧುಗಿರಿ ಮೇಷ್ಟ್ರು:
ಬಿಟ್ಟಿಲ್ಲಪ್ಪ, ಕಾಯುತ್ತಿದ್ದಾರೆ. ಎರಡಕ್ಕೂ ವ್ಯತ್ಯಾಸ ಇದೆ. ನಿಧಾನದ ಕ್ಯಾನ್ಸರ್‌ಗೆ ಅವಸರದ ಆಪರೇಷನ್ ಮಾಡಿ ಮೂತ್ರ ಸೋರುವ ಹಾಗೆ ಮಾಡಿಕೊಳ್ಳುವುದು ಯಾಕೆ?

ಬೆಂಗಳೂರು ಸೇರಿದ ತುಮಕೂರಿನವನು:
ಇದೇ ನನ್ನ ವಾದ. 70 ದಾಟಿದವರಿಗೆ ಪಿಎಸ್‌ಎ ಮಾಡಿಸುವುದೇ ಬೇಡ ಅಂತ 2018ರಲ್ಲಿ ಅಮೆರಿಕದ ತಜ್ಞರ ಸಮಿತಿಯೇ ಹೇಳಿದೆ. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಭಯ, ಭಯದಿಂದ ಬೇಡದ ಚಿಕಿತ್ಸೆ. ಸುಮ್ನೆ ಇರಲಿ ಬಿಡಿ.

ಕುಣಿಗಲ್ ಅಕ್ಕ:
ಅದು ಏನೂ ತೊಂದರೆ ಇಲ್ಲದವರನ್ನು ಸಾಲಾಗಿ ನಿಲ್ಲಿಸಿ ಟೆಸ್ಟ್ ಮಾಡುವ ವಿಷಯ. ಗುಬ್ಬಿಯವರ ಅಪ್ಪ ರಾತ್ರಿ ಐದು ಸಲ ಏಳುತ್ತಿದ್ದಾರೆ, 110 ಎಂಎಲ್ ಉಳಿಯುತ್ತಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ತೋಟಕ್ಕೆ ನೀರು ಕಟ್ಟುವ ಶಕ್ತಿ ಇರುವ ಮನುಷ್ಯನಿಗೆ ಇನ್ನೂ ಹತ್ತು ಹದಿನೈದು ವರ್ಷ ಇದೆ ಅಂದುಕೊಂಡೇ ನೋಡಬೇಕು.

ಸ್ಕ್ಯಾನಿಂಗ್ ರೂಮಿನವನು:
ಆ 48 ಸಿಸಿ ಅನ್ನುವ ಅಂಕಿ ಸುಮ್ನೆ ಅಲ್ಲ, ಅದನ್ನು ಬಳಸಿಕೊಳ್ಳಿ. ಉದ್ದ, ಅಗಲ, ಎತ್ತರ ಗುಣಿಸಿ 0.52ರಿಂದ ಗುಣಿಸಿದರೆ ಗಾತ್ರ ಬರುತ್ತದೆ. ಹರೆಯದಲ್ಲಿ 20–25 ಸಿಸಿ ಇರುತ್ತದೆ. ದೊಡ್ಡ ಪ್ರಾಸ್ಟೇಟ್ ತಾನಾಗಿಯೇ ಜಾಸ್ತಿ ಪಿಎಸ್‌ಎ ಬಿಡುತ್ತದೆ. ಹಾಗಾಗಿ ಪಿಎಸ್‌ಎಯನ್ನು ಗಾತ್ರದಿಂದ ಭಾಗಿಸಿ ನೋಡುತ್ತಾರೆ. 0.15 ದಾಟಿದರೆ ಅನುಮಾನ ಜಾಸ್ತಿ. ನಿಮ್ಮಪ್ಪನದು 5.8 ಭಾಗ 48, ಅಂದರೆ 0.12. ಇಷ್ಟನ್ನೇ ನೋಡಿದರೆ ಅಷ್ಟೊಂದು ಗಾಬರಿ ಬೇಡ. ಮೂತ್ರದ ಸೋಂಕು ಇದ್ದರೂ ಪಿಎಸ್‌ಎ ಏರುತ್ತದೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕೊಡಿ.

ಗುಬ್ಬಿ ತೋಟದ ಮಗ:
ಸರ್, ಎಷ್ಟು ಸಮಾಧಾನ ಆಯಿತು ಗೊತ್ತಾ! ಅಣ್ಣನಿಗೆ ಈಗಲೇ ಹೇಳುತ್ತೇನೆ.

ಕುಣಿಗಲ್ ಅಕ್ಕ:
ಒಂದು ನಿಮಿಷ ತಮ್ಮಾ. ಹೋದ ವರ್ಷ ಮಾತ್ರೆ ಕೊಟ್ಟರು ಅಂದಿರಿ. ಯಾವ ಮಾತ್ರೆ? ಪಟ್ಟಿಯ ಹಿಂದೆ ಏನು ಬರೆದಿದೆ ನೋಡಿ. ಬರೀ ಟ್ಯಾಮ್ಸುಲೋಸಿನ್ನಾ, ಜೊತೆಗೆ ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಇದೆಯಾ?

ಗುಬ್ಬಿ ತೋಟದ ಮಗ:
ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಕ್ಷರ ಒಂದೊಂದಾಗಿ ಓದಿಸಿದೆ. ಟ್ಯಾಮ್ಸುಲೋಸಿನ್ ಮತ್ತು ಡ್ಯುಟಾಸ್ಟರೈಡ್, ಎರಡೂ ಇದೆ. 14 ತಿಂಗಳಿಂದ ತಪ್ಪದೇ ತೆಗೆದುಕೊಳ್ಳುತ್ತಿದ್ದಾರೆ.

ಕುಣಿಗಲ್ ಅಕ್ಕ:
ಹಾಗಾದರೆ ಲೆಕ್ಕ ಬದಲಾಗುತ್ತದೆ. ಡ್ಯುಟಾಸ್ಟರೈಡ್ ಆರು ತಿಂಗಳು ದಾಟಿ ತೆಗೆದುಕೊಂಡವರ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಓದುವಾಗ ಎರಡರಿಂದ ಗುಣಿಸಬೇಕು. ನಿಮ್ಮಪ್ಪನ 5.8 ಅಂದರೆ ನಿಜದಲ್ಲಿ 11.6ರ ಹತ್ತಿರ.

ಸ್ಕ್ಯಾನಿಂಗ್ ರೂಮಿನವನು:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮಾತ್ರೆ ಕೇಳದೇ ಲೆಕ್ಕ ಕೊಟ್ಟದ್ದು ತಪ್ಪು. 11.6 ಭಾಗ 48, 0.24 ಆಯಿತು. ಮಾತ್ರೆಯಿಂದ ಗಾತ್ರವೂ ಸ್ವಲ್ಪ ಕುಗ್ಗಿರುತ್ತದೆ, ಆದರೂ ಇದನ್ನು ಬಿಡುವ ಹಾಗಿಲ್ಲ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೊಸ ಡಾಕ್ಟರಿಗೆ ಪಟ್ಟಿ ತೋರಿಸಿ. ಬೆರಳಿನ ಪರೀಕ್ಷೆ ಆಗಿದೆಯಾ?

ಗುಬ್ಬಿ ತೋಟದ ಮಗ:
ಇಲ್ಲ. ಮೊದಲ ಡಾಕ್ಟರು ಮಾಡಲೇ ಇಲ್ಲ. ಎರಡನೆಯವರು ಕೇಳಿದಾಗ ಅಪ್ಪ ಎದ್ದುಬಿಟ್ಟರು.

ಸ್ಕ್ಯಾನಿಂಗ್ ರೂಮಿನವನು:
ಮಾಡಿಸಿ. ಅರ್ಧ ನಿಮಿಷ ಸಾಕು. ಕ್ಯಾನ್ಸರ್ ಬರುವ ಜಾಗ ಬೆರಳಿಗೇ ಸಿಗುತ್ತದೆ. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಅನುಮಾನ ಪಡಲು ಯಾವ ಮೆಷಿನ್ನೂ ಬೇಡ, ಕೈಯೇ ಹೇಳುತ್ತದೆ.

ಬಯಾಪ್ಸಿಗೆ ಮೊದಲು ಎಂಆರ್‌ಐ ಆಗುತ್ತದಾ ಕೇಳಿ. ಚುಚ್ಚಿದ ಮೇಲೆ ಎಂಆರ್‌ಐ ಮಾಡಿದರೆ ಒಳಗಿನ ರಕ್ತದಿಂದ ಚಿತ್ರ ಕೆಡುತ್ತದೆ. 2017ರಲ್ಲಿ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನ ಬಂತು. ಗಂಭೀರ ಕ್ಯಾನ್ಸರ್ ಇದ್ದವರಲ್ಲಿ ಬರೀ ಟ್ರಸ್ ಬಯಾಪ್ಸಿ ಹಿಡಿದದ್ದು 48%, ಎಂಆರ್‌ಐ ಹಿಡಿದದ್ದು 93%. ಆಮೇಲೆ ಎಷ್ಟೋ ಕಡೆ ಮೊದಲು ಎಂಆರ್‌ಐ ಮಾಡಿ, ಆ ಚಿತ್ರವನ್ನು ಟ್ರಸ್ ಚಿತ್ರದ ಮೇಲೆ ಕೂರಿಸಿ, ಅನುಮಾನ ಇರುವ ಜಾಗಕ್ಕೇ ಸೂಜಿ ಇಳಿಸುತ್ತಾರೆ. ಫ್ಯೂಷನ್ ಬಯಾಪ್ಸಿ ಅನ್ನುತ್ತಾರೆ.

ತುರುವೇಕೆರೆ ಸೊಸೆ:
ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ನಮ್ಮ ಮಾವನವರಿಗೂ ಇದೇ ತೊಂದರೆ, ಪಂಚೆ ಒದ್ದೆ ಆಗಿದ್ದು ಒಗೆಯುವಾಗ ನನಗೆ ಗೊತ್ತಾಗುತ್ತದೆ. ಯಜಮಾನರು ದುಬೈನಲ್ಲಿ. ಸೊಸೆ ನಾನು ಹೇಗೆ ಕೇಳಲಿ?

ಮಧುಗಿರಿ ಮೇಷ್ಟ್ರು:
ನೀನು ಪಂಚೆಯ ವಿಷಯ ಎತ್ತಬೇಡಮ್ಮ. "ಮಾವ, ರಾತ್ರಿ ನಿದ್ದೆ ಸರಿಯಾಗಿ ಬರುತ್ತಿದೆಯಾ?" ಅಂತ ಕೇಳು. ಉಳಿದದ್ದನ್ನು ಅವರೇ ಹೇಳುತ್ತಾರೆ. ನನ್ನ ಸೊಸೆ ಹಾಗೇ ಕೇಳಿದ್ದು.

ತಿಪಟೂರು ಕೊಬ್ಬರಿ:
ಸ್ಕ್ಯಾನಿಂಗ್‌ಗೆ ಹೋಗುವವರಿಗೆ ಒಂದು ಮಾತು. ನಮ್ಮ ಮಾವನಿಗೆ ಚೀಲ ತುಂಬಿರಬೇಕು ಅಂದಿದ್ದರು ಅಂತ ತಿಪಟೂರಲ್ಲೇ ಒಂದು ಲೀಟರ್ ಕುಡಿಸಿ ಬಸ್ ಹತ್ತಿಸಿದೆವು. ಗುಬ್ಬಿ ದಾಟುವಷ್ಟರಲ್ಲಿ ಅವರ ಮುಖ ನೋಡಲಾಗಲಿಲ್ಲ. ಕಂಡಕ್ಟರ್ ಪುಣ್ಯಾತ್ಮ, ಕೇಳಿದ ತಕ್ಷಣ ಬಸ್ ನಿಲ್ಲಿಸಿದರು. ಅಲ್ಲಿ ಹೋದರೆ ಕಾಯುವ ಬೆಂಚಿನಲ್ಲಿ ಎಲ್ಲ ಬಸುರಿಯರು, ಗೋಡೆಯ ಮೇಲೆ "ಭ್ರೂಣ ಲಿಂಗ ಪತ್ತೆ ಅಪರಾಧ" ಅನ್ನುವ ಬೋರ್ಡು. ಮಾವ ಒಬ್ಬರೇ ಗಂಡಸು, ಬಾಗಿಲ ಹೊರಗೇ ನಿಂತರು. ವಯಸ್ಸಾದ ಗಂಡಸರಿಗೆ ಬೇರೆ ಸಮಯ ಕೊಟ್ಟರೆ ಎಷ್ಟು ಒಳ್ಳೆಯದು.

ಬೆಂಗಳೂರು ಸೇರಿದ ತುಮಕೂರಿನವನು:
ಖರ್ಚಿನ ವಿಷಯ ಯಾರೂ ಹೇಳಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ವಿಕ್ಟೋರಿಯಾ ಆವರಣದಲ್ಲಿ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಅಕ್ಕ ಹೇಳಿದ ಮೇಲೆ ನನ್ನ ವಾದ ಸ್ವಲ್ಪ ಹಿಂದೆ ತೆಗೆದುಕೊಳ್ಳುತ್ತೇನೆ. ತೊಂದರೆ ಇದ್ದವರು ತೋರಿಸಲೇಬೇಕು.

ಗುಬ್ಬಿ ತೋಟದ ಮಗ:
ಐದು ವಾರ ಆಯಿತು, ಸುದ್ದಿ ಹೇಳುತ್ತೇನೆ. ಮೇಷ್ಟ್ರು ಬರೆದದ್ದನ್ನು ಅಪ್ಪನಿಗೆ ತೋಟದಲ್ಲಿ ಕೂತು ಓದಿ ಹೇಳಿದೆ. ಶಾವಿಗೆ ಎಳೆ ಅನ್ನುವ ಕಡೆ ಇನ್ನೊಂದು ಸಲ ಓದು ಅಂದರು. ಮಾರನೇ ದಿನ ತಾವೇ, "ಯಾವತ್ತು ಹೋಗೋಣ" ಅಂದರು.

ಬೆರಳಿನ ಪರೀಕ್ಷೆಯಲ್ಲಿ ಎಡಗಡೆ ಗಟ್ಟಿ ಸಿಕ್ಕಿತು. ಎಂಆರ್‌ಐನಲ್ಲಿ ಅದೇ ಜಾಗದಲ್ಲಿ ಮಚ್ಚೆ, ಪೈರ್ಯಾಡ್ಸ್ (ಕ್ಯಾನ್ಸರ್ ಅನುಮಾನ ಎಷ್ಟು ಅನ್ನುವ ಅಂಕ) 4 ಅಂತ ಬರೆದಿದ್ದಾರೆ, 5ಕ್ಕೆ. ಹೊಟ್ಟೆ ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದಿದ್ದ ಪ್ರಾಸ್ಟೇಟೇ ಇದು. ಗುರುವಾರ ಬಯಾಪ್ಸಿ ಆಯಿತು. ಆಚೆ ಬಂದ ಅಪ್ಪ, "ಹದಿನೈದು" ಅಂದರು. ಟಕ್ ಸದ್ದು ಎಣಿಸಿದ್ದರಂತೆ. ರಿಸಲ್ಟ್ ಇನ್ನೂ ಬಂದಿಲ್ಲ. ಮೂಳೆ ನೋವು ಇಲ್ಲ, ಅದೇ ಧೈರ್ಯ.

ಕುಣಿಗಲ್ ಅಕ್ಕ:
ಚಳಿ ಜ್ವರ ಬಂದರೆ ಬೆಳಗಾಗುವವರೆಗೂ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ಮೂತ್ರ ಕಟ್ಟಿಕೊಂಡರೂ ಅಷ್ಟೇ.

ಪಾವಗಡದಿಂದ:
ಸಮಯಕ್ಕೆ ಕರೆದುಕೊಂಡು ಹೋದಿರಿ ಗುಬ್ಬಿ ತಮ್ಮಾ. ರಿಸಲ್ಟ್ ಬಂದ ದಿನ ಬರೆಯಿರಿ, ಕಾಯುತ್ತಿರುತ್ತೇನೆ.

ತುರುವೇಕೆರೆ ಸೊಸೆ:
ಮಾವನವರನ್ನು ನಿದ್ದೆಯ ಮಾತಿನಿಂದಲೇ ಕೇಳಿದೆ. ಅರ್ಧ ಗಂಟೆ ಮಾತಾಡಿದರು. ಸೋಮವಾರ 10.30ಕ್ಕೆ ಸ್ಕ್ಯಾನಿಂಗ್, ಪಿಎಸ್‌ಎಗೂ ಬರೆದುಕೊಟ್ಟಿದ್ದಾರೆ. ಅಕ್ಕಾ, ನೀರು ಎಷ್ಟು ಗಂಟೆಗೆ ಕುಡಿಸಲಿ?

ಕುಣಿಗಲ್ ಅಕ್ಕ:
ಅಲ್ಲಿಗೆ ತಲುಪಿದ ಮೇಲೆ, ಒಂಬತ್ತೂವರೆಗೆ. ಮೂರು ಲೋಟ ಸಾಕು. ಬಸ್ಸಿನಲ್ಲಿ ಬೇಡ.